ಪರದೆಯ ಹಿಂದಿನ ದೀಪ

ಸಂಜೆ ಟಿವಿ ಹಚ್ಚಿದರೆ ಮಾತು ಕೇಳಿಸುತ್ತದೆ, ಚಿತ್ರ ಮೂಡುವುದಿಲ್ಲ. ಒಳಗೆ ಎರಡು ಮೂರು ಸಲ ಟಕ್ ಟಕ್ ಸದ್ದು, ಮುಂದೆ ಪುಟ್ಟದೊಂದು ಬೆಳಕಿನ ಮಿಟುಕು. ಮಾಳಮಡ್ಡಿಯ ಯಾವುದೇ ಮನೆಯ ಪಡಸಾಲೆಯಲ್ಲಿ ಹೀಗಾದರೆ ಮೊದಲು ಹೊರಡುವ ಮಾತು ‘ಟಿವಿ ಹೋತು’. ಮರುದಿನ ಗುಜರಿಯವನಿಗೆ ಕರೆ. ಆದರೆ ಅದು 2000ದ ದಶಕದಲ್ಲಿ ಕೊಂಡ, ಮೂಲೆ ತುಂಬ ಕುಳಿತ ರಿಯರ್ ಪ್ರೊಜೆಕ್ಷನ್ ಪೆಟ್ಟಿಗೆಯಾಗಿದ್ದರೆ, ಹೋಗಿರುವುದು ಬಹುಶಃ ಟಿವಿಯಲ್ಲ, ದೀಪ.

ಟಿವಿಯೊಳಗೆ ದೀಪವೆಲ್ಲಿಂದ ಬಂತು? ಉತ್ತರ ಕರ್ನಾಟಕದವರಿಗೆ ಈ ಏರ್ಪಾಡು ಹೊಸದಲ್ಲ. ತೊಗಲುಗೊಂಬೆಯಾಟದಲ್ಲಿ ಬಿಳಿ ಪರದೆಯ ಈಚೆ ಪ್ರೇಕ್ಷಕರು, ಆಚೆ ಗೊಂಬೆ, ಅದರ ಹಿಂದೆ ಹರಳೆಣ್ಣೆ ದೀಪ. ಹದಮಾಡಿ ಬಣ್ಣ ತುಂಬಿದ ತೊಗಲಿನ ಮೂಲಕ ಹಾದ ಬೆಳಕೇ ರಾಮ, ಅದೇ ರಾವಣ. ಆಟ ಬೆಳತನಕ ನಡೆಯುವುದರಿಂದ ನಡುನಡುವೆ ಎಣ್ಣೆ ಹೊಯ್ಯಬೇಕು, ಬತ್ತಿ ಮುಂದೂಡಬೇಕು. 2025ರಲ್ಲಿ ಪದ್ಮಶ್ರೀ ಪಡೆದ ಕೊಪ್ಪಳ ಜಿಲ್ಲೆಯ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಇದೇ ಪರಂಪರೆಯವರು. ಟಾಕೀಸಿನ ಆಪರೇಟರನೂ ಒಂದು ಕಾಲಕ್ಕೆ ದೀಪ ಕಾಯುವವನೇ ಆಗಿದ್ದ. ಉರಿದು ಸವೆಯುವ ಎರಡು ಕಾರ್ಬನ್ ಕಡ್ಡಿಗಳ ನಡುವಣ ಅಂತರವನ್ನು ಅವನು ಸರಿಪಡಿಸುತ್ತಲೇ ಇರಬೇಕಿತ್ತು.

ಟಿವಿ ತಯಾರಿಸಿದವರು ಆ ದೀಪವನ್ನು ಪೆಟ್ಟಿಗೆಯೊಳಗೆ ಅಡಗಿಸಿಟ್ಟರು. ಅಲ್ಲಿಗೆ ಅದನ್ನು ಕಾಯುವವರೂ ಇಲ್ಲವಾದರು.

ಈ ದೀಪ ಮನೆಯ ಬಲ್ಬಿನಂಥದ್ದಲ್ಲ. 1995ರಲ್ಲಿ ಫಿಲಿಪ್ಸ್ ಕಂಪನಿ ಮಾರುಕಟ್ಟೆಗೆ ತಂದ ಬಗೆಯದು. ಕ್ವಾರ್ಟ್ಜ್ ಗಾಜಿನ ಪುಟ್ಟ ಗೋಲ, ಅದರೊಳಗೆ ಟಂಗ್‌ಸ್ಟನ್ನಿನ ಎರಡು ತುದಿಗಳು, ನಡುವೆ ಸುಮಾರು 1 ಮಿಲಿಮೀಟರ್ ಅಂತರ. ಉರಿಯುವಾಗ ಒಳಗಿನ ಪಾದರಸದ ಆವಿಯ ಒತ್ತಡ ನಾವು ಉಸಿರಾಡುವ ಗಾಳಿಯ ಒತ್ತಡಕ್ಕಿಂತ ಸುಮಾರು 200 ಪಟ್ಟು! ಅಲ್ಲಿ ಹುಟ್ಟಿದ ಬೆಳಕು ಲಕ್ಷಗಟ್ಟಲೆ ಕಿರುಗನ್ನಡಿಗಳಿರುವ ಚಿಪ್ಪಿಗೋ, ದ್ರವಸ್ಫಟಿಕದ ಫಲಕಕ್ಕೋ ತಾಗಿ, ಮಸೂರ ಹಾಯ್ದು, ದೊಡ್ಡ ಕನ್ನಡಿಯಿಂದ ಮಡಚಿಕೊಂಡು ಪರದೆಯ ಬೆನ್ನಿಗೆ ಬೀಳುತ್ತದೆ. ತೊಗಲುಗೊಂಬೆಯ ಜಾಗದಲ್ಲಿ ಈಗ ಚಿಪ್ಪು, ಅಷ್ಟೆ.

ಕೆಲವು ಸಾವಿರ ಗಂಟೆ ಉರಿಯುವಷ್ಟರಲ್ಲಿ ಟಂಗ್‌ಸ್ಟನ್ ತುದಿಗಳು ಸವೆಯುತ್ತವೆ, ಗಾಜು ಕಪ್ಪಿಡುತ್ತದೆ ಅಥವಾ ಹಾಲುಗಟ್ಟಿದಂತಾಗುತ್ತದೆ. ಚಿತ್ರ ಮಸುಕಾಗುತ್ತ ಬಂದು ಒಂದು ದಿನ ದೀಪ ಹೊತ್ತುವುದೇ ಇಲ್ಲ. ಆ ಟಕ್ ಟಕ್ ಸದ್ದು ಟಿವಿ ಅದನ್ನು ಹೊತ್ತಿಸಲು ಹೆಣಗುವ ಸದ್ದು. ಕರೆಂಟು ಹಠಾತ್ತನೆ ಹೋದರೆ ತಂಪು ಮಾಡುವ ಫ್ಯಾನೂ ನಿಲ್ಲುತ್ತದೆ, ಕಾದ ದೀಪ ಹಾಗೇ ಬೇಯುತ್ತದೆ. ನಮ್ಮ ಊರುಗಳಲ್ಲಿ ಇದಕ್ಕೆ ಯುಪಿಎಸ್ ಬೇಕು ಎನ್ನುವುದು ಶ್ರೀಮಂತಿಕೆಯ ಮಾತಲ್ಲ.

ಬದಲಿಸುವ ಕೆಲಸ ಕಷ್ಟದ್ದಲ್ಲ, ಆದರೆ ಅವಸರ ಕೂಡದು. ಪ್ಲಗ್ ಕಿತ್ತು ಕನಿಷ್ಠ ಅರ್ಧ ಗಂಟೆ ಆರಲು ಬಿಡಬೇಕು. ಹಿಂದೆ ಅಥವಾ ಮಗ್ಗುಲಲ್ಲಿರುವ ಮುಚ್ಚಳ ತೆಗೆದು, ಎರಡು ಮೂರು ಸ್ಕ್ರೂ ಸಡಿಲಿಸಿ, ಹಿಡಿಕೆ ಹಿಡಿದು ದೀಪವನ್ನು ಅದರ ಗೂಡಿನ ಸಮೇತ ನೇರವಾಗಿ ಎಳೆಯಬೇಕು. ಹೊಸದರ ಗಾಜಿಗೆ ಬೆರಳು ತಾಗಬಾರದು. ಬೆವರಿನ ಉಪ್ಪು ಅಂಟಿದ ಕಡೆ ಕಾದ ಗಾಜು ಬೇಗ ಕೆಡುತ್ತದೆ. ಗೂಡು ಪೂರ್ತಿ ಕೂಡ್ರುವಂತೆ ಒತ್ತಿ, ಮುಚ್ಚಳ ಬಿಗಿಯಾಗಿ ಹಾಕಬೇಕು. ಎಷ್ಟೋ ಮಾದರಿಗಳಲ್ಲಿ ಮುಚ್ಚಳ ಸಡಿಲವಿದ್ದರೆ ಒಳಗಿನ ಸುರಕ್ಷಾ ಸ್ವಿಚ್ಚು ದೀಪ ಹೊತ್ತಗೊಡುವುದಿಲ್ಲ. ಕೊನೆಗೆ, ಪರದೆಯ ಮೆನುವಿನಲ್ಲಿ ಗಂಟೆಗಳ ಲೆಕ್ಕವನ್ನು ಸೊನ್ನೆಗೆ ತರಬೇಕು.

ತೊಡಕಿರುವುದು ದೀಪ ಸಿಗುವುದರಲ್ಲಿ. ಈ ಬಗೆಯ ಟಿವಿಗಳ ತಯಾರಿಕೆ ಕೈಬಿಡುವುದಾಗಿ ಸೋನಿ 2007ರಲ್ಲಿ ಪ್ರಕಟಿಸಿತು. ಕೊನೆಯವರೆಗೆ ಉಳಿದಿದ್ದ ಮಿತ್ಸುಬಿಷಿ 2012ರ ಡಿಸೆಂಬರಿನಲ್ಲಿ ಕೈಚೆಲ್ಲಿತು. ಅಗ್ಗದ ನಕಲಿ ದೀಪ ಕೊಳ್ಳುವುದಕ್ಕಿಂತ ಮಾದರಿ ಸಂಖ್ಯೆ ನೋಡಿ ಸರಿಯಾದದ್ದಕ್ಕೆ ಕಾಯುವುದೇ ಲೇಸು.

ಇನ್ನು ತೆಗೆದ ಹಳೆಯ ದೀಪ. ಅದನ್ನು ಓಣಿಯ ಕಸದ ಗಾಡಿಗೆ ಎಸೆಯುವಂತಿಲ್ಲ. ಪಾದರಸವಿರುವ ದೀಪಗಳನ್ನು 2016ರ ಇ-ತ್ಯಾಜ್ಯ ನಿಯಮಗಳಲ್ಲೇ ಸೇರಿಸಲಾಗಿತ್ತು. ಕೈತಪ್ಪಿ ಒಡೆದರೆ ಕಿಟಕಿ ತೆರೆದು ಮಕ್ಕಳನ್ನು ಹೊರಗೆ ಕಳಿಸಬೇಕು. ಕಸಬರಿಗೆ ಮಾತ್ರ ಹಿಡಿಯಬಾರದು, ಗುಡಿಸಿದಷ್ಟೂ ಪಾದರಸ ಹರಡುತ್ತದೆ.