ಬಿಸಿಲನ್ನು ಮಣ್ಣಿನಲ್ಲಿ ಕೂಡಿಡಬಹುದೇ?

ಕಾರ್ತಿಕದಲ್ಲಿ ಅಂಗಳ ತುಂಬ ಅಡಿಕೆ ಹರವಿ, ಮೋಡ ಕವಿದಾಗ ನಮಗೆಲ್ಲ ಅನಿಸುವುದುಂಟು: ಏಪ್ರಿಲಿನ ಬಿಸಿಲನ್ನು ಎಲ್ಲಾದರೂ ಕೂಡಿಡುವ ಹಾಗಿದ್ದರೆ! ಹಿಮ ಬೀಳುವ ದೇಶಗಳಲ್ಲಿ ಮನೆ ಬೆಚ್ಚಗಿಡಲು ಇದನ್ನು ಮಾಡಿ ನೋಡಿದ್ದಾರೆ. ಅದರ ಲೆಕ್ಕಾಚಾರ ನಾವೂ ತಿಳಿಯುವಂಥದ್ದೆಂದು ಬರೆಯುತ್ತಿದ್ದೇನೆ.

ಮೂಲ ವಿಷಯ ನಮಗೆ ಗೊತ್ತಿರುವುದೇ. ಬಾವಿಯ ನೀರು ಮಾಗಿಯ ಬೆಳಗ್ಗೆ ಬೆಚ್ಚಗೆ, ಮೇ ತಿಂಗಳ ಮಧ್ಯಾಹ್ನ ತಂಪು ಅನಿಸುತ್ತದೆ. ನಿಜಕ್ಕೂ ಬದಲಾಗಿದ್ದು ಹೊರಗಿನ ಹವೆ. ಮಣ್ಣಿನಲ್ಲಿ ಬಿಸಿ ಬಹಳ ನಿಧಾನ ಸಾಗುವುದರಿಂದ ಆಳದಲ್ಲಿ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಉಷ್ಣತೆ.

52 ಮನೆಗೆ ಒಂದೇ ಉಗ್ರಾಣ

ಕೆನಡಾದ ಆಲ್ಬರ್ಟಾ ಪ್ರಾಂತ್ಯದ ಓಕೋಟೋಕ್ಸ್ ಎಂಬಲ್ಲಿ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಕ್ಕೂ ಇಳಿಯುತ್ತದೆ. ಅಲ್ಲಿನ ಡ್ರೇಕ್ ಲ್ಯಾಂಡಿಂಗ್ ಬಡಾವಣೆಯಲ್ಲಿ 2007ರಲ್ಲಿ ಈ ವ್ಯವಸ್ಥೆ ಶುರುವಾಯಿತು. ಕಾರು ಶೆಡ್ಡುಗಳ ಮಾಡಿನ ಮೇಲೆ ಸುಮಾರು 800 ಸೋಲಾರ್ ಫಲಕ. ಕರೆಂಟಿನದ್ದಲ್ಲ, ನಮ್ಮ ಬಚ್ಚಲಿಗೆ ನೀರು ಕಾಯಿಸುವ ಜಾತಿಯದ್ದು.

ಬೇಸಿಗೆಯಲ್ಲಿ ಕಾದ ನೀರನ್ನು ಸುಮಾರು 35 ಮೀಟರ್ ಆಳದ 144 ಕೊಳವೆಗುಂಡಿಗಳಿಗೆ ಬಿಡುತ್ತಿದ್ದರು. ಗುಂಡಿಯೊಳಗಿನ ಪೈಪಿನಲ್ಲಿ ನೀರು ಇಳಿದು, ಸುತ್ತಲಿನ ಮಣ್ಣಿಗೆ ಬಿಸಿ ಕೊಟ್ಟು, ಮತ್ತೆ ಮೇಲಕ್ಕೆ ಬರುತ್ತಿತ್ತು. ಬೇಸಿಗೆ ಮುಗಿಯುವಾಗ ನಡುಮಣ್ಣು 80 ಡಿಗ್ರಿವರೆಗೂ ಏರುತ್ತಿತ್ತು. ಮೇಲೆ ಬಿಸಿ ತಡೆಯುವ ಹೊದಿಕೆ. ಚಳಿಗಾಲದಲ್ಲಿ ಅದೇ ಪೈಪಿನಲ್ಲಿ ನೀರು ಹರಿಸಿ ಬಿಸಿಯನ್ನು ಮನೆಗಳಿಗೆ ತಂದುಕೊಳ್ಳುತ್ತಿದ್ದರು.

ಮೊದಲ ವರ್ಷ ಮನೆಗಳಿಗೆ ಬೇಕಾದ ಬಿಸಿಯಲ್ಲಿ ಅರ್ಧದಷ್ಟು ಮಾತ್ರ ಸಿಕ್ಕಿತು. ತಣ್ಣನೆ ಮಣ್ಣನ್ನೇ ಮೊದಲು ಕಾಯಿಸಬೇಕಲ್ಲ! ಐದನೇ ವರ್ಷಕ್ಕೆ ಅದು ಶೇಕಡಾ 90 ದಾಟಿತು. 2015-16ರ ಚಳಿಗಾಲವನ್ನು ಪೂರ್ತಿ ಬಿಸಿಲಿನಲ್ಲೇ ಕಳೆದರು.

ಒಂಟಿ ಮನೆಗೆ ಯಾಕೆ ಕಷ್ಟ?

ಹಟ್ಟಿಗೊಬ್ಬರ ಒಂದು ಬುಟ್ಟಿ ರಾಶಿ ಹಾಕಿದರೆ ಬಿಸಿ ನಿಲ್ಲುವುದಿಲ್ಲ. ಹತ್ತು ಗಾಡಿ ಹಾಕಿದರೆ ಒಳಗೆ ಕೈ ಇಡಲಾಗದು. ಇಲ್ಲಿಯೂ ಹಾಗೆಯೇ. ಬಿಸಿ ಸೋರುವುದು ಹೊರಮೈಯಿಂದ, ನಿಲ್ಲುವುದು ಒಡಲಿನಲ್ಲಿ. ಒಂದು ಮೀಟರಿನ ಚೌಕ ಗುಡ್ಡೆಗೆ ಒಡಲು 1 ಘನ ಮೀಟರ್, ಹೊರಮೈ 6 ಚದರ ಮೀಟರ್. ಹತ್ತು ಮೀಟರಿನದ್ದಕ್ಕೆ ಒಡಲು 1000, ಹೊರಮೈ 600. ಅಂದರೆ ಒಂದು ಘನ ಮೀಟರಿಗೆ ಸೋರುವ ಮೈ ಹತ್ತರಲ್ಲಿ ಒಂದು ಪಾಲಿಗೆ ಇಳಿಯಿತು. ಅದಕ್ಕೇ 52 ಮನೆ ಒಟ್ಟು ಸೇರಿದ್ದು.

ಒಂಟಿ ಮನೆಗೆ ಅಮೆರಿಕದ ಜಾನ್ ಹೇಟ್ 1983ರ ತಮ್ಮ ಪುಸ್ತಕದಲ್ಲಿ ಬೇರೆ ದಾರಿ ಹೇಳಿದರು. ಮಣ್ಣಿನಲ್ಲಿ ಹುದುಗಿದ ಮನೆ. ಅದರ ಮೇಲಿನ, ಸುತ್ತಲಿನ ಮಣ್ಣಿನೊಳಗೆ ಕೊಡೆಯ ಹಾಗೆ ಹರಡಿದ, ನೀರೂ ಬಿಸಿಯೂ ದಾಟದ ಪದರ. ಕೊಡೆಯಡಿಯ ಒಣ ಮಣ್ಣೇ ಉಗ್ರಾಣ. ಇಲ್ಲಿ ಮುಖ್ಯ ಮಾತು 'ಒಣ' ಎಂಬುದು. ಮಣ್ಣಿನೊಳಗೆ ಹರಿಯುವ ನೀರು ಕೂಡಿಟ್ಟ ಬಿಸಿಯನ್ನು ಹೊತ್ತೊಯ್ಯುತ್ತದೆ.

ನಮಗೇನು?

ಏಪ್ರಿಲಿನ ಬಿಸಿ ಕಾರ್ತಿಕಕ್ಕೆ ಸಿಗಬೇಕಾದರೆ ನಡುವೆ ನಮ್ಮ ಮಳೆಗಾಲ ದಾಟಬೇಕು. ಒರತೆ ಏಳುವ ನೆಲದಲ್ಲಿ ಒಬ್ಬನೇ ಗುಂಡಿ ತೋಡಿ ಬಿಸಿ ಇಡುವುದು ದುಡ್ಡನ್ನು ನೀರಿಗೆ ಹಾಕಿದಂತೆ. ಒಂದೆರಡು ದಿನದ ಮೋಡಕ್ಕಾದರೆ, ಚೆನ್ನಾಗಿ ಹೊದಿಸಿದ ಬಿಸಿನೀರ ಟ್ಯಾಂಕಿನಂಥ ಸಣ್ಣ ಉಗ್ರಾಣದ ಬಗ್ಗೆ ಯೋಚಿಸಬಹುದು.

ಇನ್ನೊಂದು ಸಂಗತಿ. 2024ರಲ್ಲಿ ಡ್ರೇಕ್ ಲ್ಯಾಂಡಿಂಗ್ ವ್ಯವಸ್ಥೆಯನ್ನು ನಿಲ್ಲಿಸಿ, ಮನೆಗಳಿಗೆ ಗ್ಯಾಸ್ ಒಲೆಯ ಬಿಸಿ ಕೊಟ್ಟರು. ಯಂತ್ರಭಾಗಗಳು ಹಳತಾಗಿದ್ದವು, ಬದಲಿ ಬಿಡಿಭಾಗ ಸಿಗುವುದು ಕಷ್ಟವಾಗಿತ್ತು. ಹೊಸ ಯಂತ್ರ ಮಾರಲು ನಮ್ಮ ಅಂಗಳಕ್ಕೆ ಬಂದವರನ್ನು ಕೇಳಲೇಬೇಕು: ಹದಿನೈದು ವರ್ಷ ಕಳೆದ ಮೇಲೆ ಇದರ ವಾಲ್ವು, ಪಂಪು ಯಾರ ಹತ್ತಿರ ಸಿಗುತ್ತದೆ?