ಕಲ್ಲೂ ಬೇಯುತ್ತದೆ

ಅಕ್ಕಂದಿರೇ, ಕೌಲ್ ಬಜಾರಿನ ನಮಗೆ ಗುಡ್ಡ ಹೊಸದಲ್ಲ. ಕೋಟೆ ಇರುವ ಬಳ್ಳಾರಿ ಗುಡ್ಡ ನೋಡಿದ್ದೇವೆ. ಕುಂಬಾರ ಗುಡ್ಡ ನೋಡಿದ್ದೇವೆ. ಕುರುಗೋಡಿಗೆ ಹೋದರೆ ಅಲ್ಲೂ ಕಲ್ಲಿನ ಗುಡ್ಡ. ಮನೆಯ ಒರಳು ಕಲ್ಲು. ಬೀಸುವ ಕಲ್ಲೂ ಕಲ್ಲು.

ಈ ಕಲ್ಲು ಹೇಗಾಯ್ತು? ಇದನ್ನು ತಿಳಿದರೆ ನಮಗೇನು ಲಾಭ? ಲಾಭ ಇದೆ. ನಮ್ಮ ತವರೂರಲ್ಲಿ ಬೋರ್‌ವೆಲ್ ಕೊರೆಸಿ, ನೀರು ಬಾರದೆ, ಸಾಲ ಮಾತ್ರ ಉಳಿದವರು ಎಷ್ಟು ಜನ ಇಲ್ಲ? ಅದಕ್ಕೂ ಈ ಕಲ್ಲಿಗೂ ಸಂಬಂಧ ಇದೆ. ನೋಡೋಣ ಬನ್ನಿ.

ಇಟ್ಟಿಗೆ ಮತ್ತು ಬೆಲ್ಲ

ಹಸಿ ಇಟ್ಟಿಗೆಯನ್ನು ನೀರಿಗೆ ಹಾಕಿದರೆ ಕೆಸರಾಗುತ್ತದೆ. ಅದನ್ನೇ ಭಟ್ಟಿಯಲ್ಲಿ ಸುಟ್ಟರೆ? ಗಟ್ಟಿಯಾಗುತ್ತದೆ. ಬಣ್ಣವೂ ಬೇರೆ ಆಗುತ್ತದೆ. ಇಟ್ಟಿಗೆ ಕರಗಿ ಹರಿಯಲಿಲ್ಲ. ಕಾವಿಗೆ ಗುಣ ಬದಲಾಯ್ತು.

ಬೆಲ್ಲ ಹಾಗಲ್ಲ. ಕಾಯಿಸಿದರೆ ಕರಗಿ ಪಾಕ ಆಗುತ್ತದೆ. ಆರಿದರೆ ಮತ್ತೆ ಗಟ್ಟಿ.

ಭೂಮಿಯ ಒಳಗೆ ಈ ಎರಡೂ ನಡೆಯುತ್ತವೆ. ಪಾಕದ ಹಾಗೆ ಕರಗಿ, ನಿಧಾನವಾಗಿ ಆರಿ ಗಟ್ಟಿಯಾದ ಕಲ್ಲು ಗ್ರಾನೈಟ್. ನಮ್ಮ ಬಳ್ಳಾರಿ ಗುಡ್ಡ ಗ್ರಾನೈಟ್ ಕಲ್ಲಿನದು. ಇಟ್ಟಿಗೆಯ ಹಾಗೆ, ಕರಗದೆ, ಕಾವಿಗೂ ಭಾರಕ್ಕೂ ಸಿಕ್ಕಿ ಬದಲಾದ ಕಲ್ಲಿಗೆ ರೂಪಾಂತರ ಶಿಲೆ ಎನ್ನುತ್ತಾರೆ. ರೂಪಾಂತರ ಎಂದರೆ ಬೇರೆ ರೂಪ. ಶಿಲೆ ಎಂದರೆ ಕಲ್ಲು.

ಒಲೆ ಎಲ್ಲಿತ್ತು?

ಭೂಮಿಯಲ್ಲಿ ಕೆಳಗೆ ಇಳಿದಷ್ಟೂ ಬಿಸಿ ಹೆಚ್ಚು. ಮೇಲಿನ ಕಲ್ಲಿನ ಭಾರವೂ ಹೆಚ್ಚು.

ಸುಮಾರು 250 ಕೋಟಿ ವರ್ಷದ ಹಿಂದಿನ ಮಾತು. ಆಗ ಮನುಷ್ಯರು ಇರಲಿಲ್ಲ. ಗಿಡ ಮರ ಹುಲ್ಲು ಕೂಡ ಇರಲಿಲ್ಲ. ಆಗ ನಮ್ಮ ಕರ್ನಾಟಕದ ನೆಲ ಒತ್ತಡಕ್ಕೆ ಸಿಕ್ಕಿ ದಪ್ಪವಾಯ್ತು. ಬೆಟ್ಟಗಳು ಎದ್ದವು. ಬೆಟ್ಟದ ಬುಡದ ಕಲ್ಲು ಆಳದಲ್ಲೇ ಉಳಿದು ಬೆಂದಿತು.

ಎಷ್ಟು ಆಳ? ಬಳ್ಳಾರಿಯಿಂದ ಕುರುಗೋಡಿನ ಕಡೆ ಬಸ್ಸಿನಲ್ಲಿ 20 ಕಿಲೋಮೀಟರ್ ಹೋಗುತ್ತೇವೆ ಅಂದುಕೊಳ್ಳಿ. ಅಷ್ಟು ದೂರವನ್ನು ನೆಟ್ಟಗೆ ನೆಲದೊಳಗೆ ಇಳಿದ ಹಾಗೆ. ಅಲ್ಲಿಯ ಕಾವು 700 ಡಿಗ್ರಿಗೂ ಹೆಚ್ಚು. ನಮ್ಮ ಒಲೆಯ ಮೇಲೆ ನೀರು ಕುದಿಯಲು 100 ಡಿಗ್ರಿ ಸಾಕು.

ಅರ್ಧ ಬೆಂದ ರೊಟ್ಟಿ

ಹಾಗೆ ಬೆಂದ ಕಲ್ಲನ್ನು ನಾವು ಕಣ್ಣಾರೆ ನೋಡಬಹುದು. ಕನಕಪುರದ ಹತ್ತಿರ ಕಬ್ಬಾಳು ಎಂಬ ಊರಿದೆ. ಅಲ್ಲಿ ಕಬ್ಬಾಳದುರ್ಗ ಬೆಟ್ಟ. ಅಲ್ಲಿಯ ಕಲ್ಲು ಬೂದು ಬಣ್ಣದ್ದು, ಪಟ್ಟೆ ಪಟ್ಟೆ ಇರುವಂಥದ್ದು. ಅದರ ಹೆಸರು ನೈಸ್. ಅದರ ನಡುವೆ ಅಲ್ಲಲ್ಲಿ ಹಸಿರು ಮಿಶ್ರಿತ ಕಪ್ಪು ಕಲೆಗಳಿವೆ. ಆ ಕಪ್ಪು ಕಲ್ಲು ಚಾರ್ನೊಕೈಟ್.

ರೊಟ್ಟಿ ಎಲ್ಲಾ ಕಡೆ ಒಂದೇ ಸಮ ಬೇಯುವುದಿಲ್ಲ. ಕೆಲವು ಕಡೆ ಬೆಂದಿರುತ್ತದೆ, ಕೆಲವು ಕಡೆ ಹಸಿ ಇರುತ್ತದೆ. ಕಬ್ಬಾಳಿನ ಕಲ್ಲೂ ಹಾಗೇ. ಕಪ್ಪಾದ ಕಡೆ ಕಲ್ಲಿನ ಕಣಗಳಲ್ಲಿ ಸೇರಿದ್ದ ನೀರಿನ ಅಂಶ ಹೊರಟು ಹೋಗಿದೆ. ಒಂದು ಕಲ್ಲು ಇನ್ನೊಂದು ಕಲ್ಲಾಗುವುದು ಅರ್ಧಕ್ಕೇ ನಿಂತಿದೆ. ಮೈಸೂರಿನ ಭೂವಿಜ್ಞಾನಿ ಸಿ. ಎಸ್. ಪಿಚಮುತ್ತು ಅವರು 1960ರಲ್ಲಿ ಇದನ್ನು ಲೋಕಕ್ಕೆ ತಿಳಿಸಿದರು. ಆಮೇಲೆ ಬೇರೆ ದೇಶದ ವಿಜ್ಞಾನಿಗಳೂ ಕಬ್ಬಾಳಿಗೆ ಬಂದು ನೋಡಿದರು.

ಆಳದ ಕಲ್ಲು ಮೇಲೆ ಹೇಗೆ ಬಂತು?

ತುಂಗಭದ್ರೆಯಲ್ಲಿ ಹರಿಗೋಲು ನೋಡಿದ್ದೀರಲ್ಲ? ಮೂಟೆ ಇಳಿಸಿದರೆ ಹರಿಗೋಲು ಮೇಲೇಳುತ್ತದೆ. ಬೆಟ್ಟವೂ ಹಾಗೇ. ಮಳೆ, ಗಾಳಿ, ಹೊಳೆ ಸೇರಿ ಬೆಟ್ಟದ ತಲೆಯನ್ನು ಕೋಟಿ ಕೋಟಿ ವರ್ಷ ಸವೆಸಿದವು. ಭಾರ ಕಡಿಮೆ ಆಯ್ತು. ಕೆಳಗಿನ ಕಲ್ಲು ಮೆಲ್ಲಗೆ ಮೇಲೆದ್ದಿತು.

ನಮ್ಮ ರಾಜ್ಯದ ದಕ್ಷಿಣದಲ್ಲಿ ಹೆಚ್ಚು ಆಳದ ಕಲ್ಲು ಮೇಲೆ ಬಂದಿದೆ. ಸಂಡೂರಿನ ಕಬ್ಬಿಣದ ಕಲ್ಲು ಅಷ್ಟು ಆಳಕ್ಕೆ ಹೋಗಲಿಲ್ಲ, ಅಷ್ಟು ಬೇಯಲಿಲ್ಲ. ಕಬ್ಬಾಳಿನದು ಹೆಚ್ಚು ಬೆಂದದ್ದು. ಬಿಳಿಗಿರಿರಂಗನ ಬೆಟ್ಟದ್ದು ಇನ್ನೂ ಆಳದಿಂದ ಬಂದದ್ದು. ಉತ್ತರದಿಂದ ದಕ್ಷಿಣಕ್ಕೆ ಹೋದರೆ ಹಳೇ ಬೆಟ್ಟದ ಹೊಟ್ಟೆಯೊಳಗೆ ಇಳಿದ ಹಾಗೆ.

ಹಾಗಾದರೆ ನೀರು?

ಈಗ ನಮ್ಮ ಬೋರ್‌ವೆಲ್ಲಿನ ಮಾತಿಗೆ ಬರೋಣ. ಮರಳಿನ ಮೇಲೆ ಒಂದು ಚೊಂಬು ನೀರು ಹಾಕಿ. ಇಂಗಿ ಹೋಗುತ್ತದೆ. ಬೀಸುವ ಕಲ್ಲಿನ ಮೇಲೆ ಹಾಕಿ. ಹರಿದು ಹೋಗುತ್ತದೆ. ಯಾಕೆ? ಮರಳಿನ ಕಣಗಳ ನಡುವೆ ಜಾಗ ಇದೆ. ಆಳದಲ್ಲಿ ಕರಗಿ ಆರಿದ ಕಲ್ಲಿನಲ್ಲಿ, ಒತ್ತಿ ಬೆಂದ ಕಲ್ಲಿನಲ್ಲಿ, ಆ ಜಾಗ ಇಲ್ಲವೇ ಇಲ್ಲ ಎನ್ನಬಹುದು.

ಕರ್ನಾಟಕದ ಬಹುಪಾಲು ನೆಲದ ಕೆಳಗೆ ಇಂಥ ಗಟ್ಟಿ ಕಲ್ಲೇ ಇದೆ. ನೀರು ನಿಲ್ಲುವುದು ಎರಡೇ ಕಡೆ. ಒಂದು, ಮೇಲಿನ ಸವೆದ ಗರಸಿನಲ್ಲಿ. ಎರಡು, ಕಲ್ಲಿನ ಬಿರುಕಿನಲ್ಲಿ. ಆಳಕ್ಕೆ ಹೋದಂತೆ ಸಾಮಾನ್ಯವಾಗಿ ಬಿರುಕು ಕಡಿಮೆ.

“ಇನ್ನೂ 100 ಅಡಿ ಕೊರೆಸಿ, ಗಂಗೆ ಬರ್ತಾಳೆ” ಅಂತಾರೆ. ಬಿರುಕು ಸಿಕ್ಕರೆ ಬರಬಹುದು. ಸಿಗದಿದ್ದರೆ ಕಲ್ಲಿನ ಪುಡಿ ಮಾತ್ರ ಬರುತ್ತದೆ. ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ಜಾಗ ತೋರಿಸುವವರಿಗೆ ಒಳಗಿನ ಬಿರುಕು ಕಾಣುವುದಿಲ್ಲ. ಕಿವಿಯ ಓಲೆ ಅಡವಿಡುವ ಮೊದಲು ಸರ್ಕಾರದ ಅಂತರ್ಜಲ ಕಚೇರಿಯ ಭೂವಿಜ್ಞಾನಿಗಳನ್ನು ಕೇಳಬೇಕು.

ಬಿರುಕಿಗೆ ನೀರು ಬರುವುದು ಮಳೆಯಿಂದ. ಕೆರೆಯ ಹೂಳು ತೆಗೆದರೆ, ಹೊಲಕ್ಕೆ ಬದು ಹಾಕಿದರೆ, ಮನೆ ಹತ್ತಿರ ಇಂಗುಗುಂಡಿ ತೋಡಿದರೆ, ಆ ನೀರು ಗರಸಿಗೆ ಇಳಿಯುತ್ತದೆ. ಅಲ್ಲಿಂದ ಬಿರುಕಿಗೆ ಸೇರುತ್ತದೆ.

ಕೂಡಿ ಮಾತಾಡೋಣ

ನಿಮ್ಮ ಊರಿನ ಬಾವಿಯಲ್ಲಿ ಎಷ್ಟು ಅಡಿಗೆ ಕಲ್ಲು ಬಂತು? ನಿಮ್ಮ ಬೀದಿಯ ಮಳೆ ನೀರು ಎಲ್ಲಿಗೆ ಹೋಗುತ್ತದೆ? ಅದನ್ನು ಇಂಗಿಸಲು ಎಲ್ಲಿ ಜಾಗ ಇದೆ?