ಎಕ್ಸ್-ರೇ ಸರಿಯಿದ್ದರೂ ಕೆಮ್ಮು ಯಾಕೆ ಬಿಡುವುದಿಲ್ಲ?

ಪ್ರಶ್ನೆ: ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ನನಗೆ ಕೆಲಸ. ಮೂರು ತಿಂಗಳಿಂದ ಒಣಕೆಮ್ಮು. ಎಕ್ಸ್-ರೇಯಲ್ಲಿ ಏನೂ ಇಲ್ಲವಂತೆ. ಕಾರಣ ಏನಿರಬಹುದು?
– ಓದುಗರೊಬ್ಬರು, ಕುಶಾಲನಗರ

ಉತ್ತರ: ದೊಡ್ಡವರಲ್ಲಿ 8 ವಾರ ದಾಟಿದ ಕೆಮ್ಮನ್ನು ವೈದ್ಯರು ದೀರ್ಘಕಾಲದ ಕೆಮ್ಮು ಎಂದು ಪರಿಗಣಿಸುತ್ತಾರೆ. ಅದರ ಸುಳಿವು ಹೆಚ್ಚಾಗಿ ಸಿಗುವುದು ನೀವು ಹೇಳುವ ವಿವರಗಳಲ್ಲೇ. ರಾತ್ರಿ ಕೆಮ್ಮಿನ ಜೊತೆ ಎದೆ ಸುಂಯ್‌ಗುಟ್ಟಿದರೆ ಆಸ್ತಮಾ, ಉಂಡು ಮಲಗಿದಾಗ ಹೆಚ್ಚಿದರೆ ಆಸಿಡಿಟಿ, ಗಂಟಲಿಗೆ ಸಿಂಬಳ ಇಳಿಯುವಂತಿದ್ದರೆ ಮೂಗಿನ ಅಲರ್ಜಿ ಇರಬಹುದು. ಬಿ.ಪಿ.ಗೆ ಕೊಡುವ ರಾಮಿಪ್ರಿಲ್, ಎನಾಲಾಪ್ರಿಲ್ ಮಾತ್ರೆಗಳೂ ಒಣಕೆಮ್ಮು ತರುತ್ತವೆ. ಆದರೆ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ನಿಮ್ಮ ವಿಷಯದಲ್ಲಿ ಹಸಿ ಕಾಫಿಬೀಜದ ದೂಳನ್ನು ಮರೆಯುವಂತಿಲ್ಲ. ಅದರಿಂದ ಕೆಲವರಿಗೆ ಅಲರ್ಜಿ, ಆಸ್ತಮಾ ಬರುತ್ತದೆ. ರಜೆಯಲ್ಲಿ ಕೆಮ್ಮು ತಗ್ಗಿ, ಕೆಲಸಕ್ಕೆ ಹೋದಾಗ ಮತ್ತೆ ಏರುತ್ತದೆಯೇ? ಎರಡು ವಾರ ಬರೆದಿಟ್ಟು ವೈದ್ಯರಿಗೆ ತೋರಿಸಿ. ಕೊಳವೆಗೆ ಊದಿಸಿ ಶ್ವಾಸಕೋಶದ ಬಲ ಅಳೆಯುವ ಸ್ಪೈರೋಮೆಟ್ರಿ ಮಾಡಿಸಿ. ಕಫ ಬಂದರೆ ಕ್ಷಯದ ಪರೀಕ್ಷೆ ಸರಕಾರಿ ಆಸ್ಪತ್ರೆಯಲ್ಲಿ ಉಚಿತ.

ಎಲ್ಲ ಪರೀಕ್ಷೆಯಾದರೂ ಕಾರಣ ಸಿಗದಿದ್ದರೆ ಕೆಮ್ಮಿನ ನರಗಳು ಅತಿಸೂಕ್ಷ್ಮವಾಗಿರಬಹುದು. ಅದಕ್ಕೂ ಚಿಕಿತ್ಸೆ ಇದೆ. ಕಫದಲ್ಲಿ ರಕ್ತ, ತೂಕ ಇಳಿಕೆ, ಸಂಜೆ ಜ್ವರ, ಏದುಸಿರು ಕಂಡರೆ ಮಾತ್ರ ತಡಮಾಡದೆ ಆಸ್ಪತ್ರೆಗೆ ಹೋಗಿ.